ಕೊಂಕಣಿ ಕಲಿತ ಕುದುರೆ

ಅಂಕೋಲೆಯ ಬಳಿ ಅವರ್ಸಾದ ನಮ್ಮ ಮನೆಗೆ ಕುದುರೆ ಬಂದದ್ದು ಮರಳಿನ ಲಾರಿಯಲ್ಲಿ. ಗಂಗಾವಳಿ ಹೊಳೆಯ ಮರಳನ್ನು ಹುಬ್ಬಳ್ಳಿಯಲ್ಲಿ ಇಳಿಸಿ ಖಾಲಿ ಮರಳುತ್ತಿದ್ದ ಲಾರಿ ಅದು. ಎರಡು ಸಾವಿರದ ಇಸವಿ ಕಳೆದ ಹೊಸತು. ನಾನು ಕಾಲೇಜು ಮುಗಿಸಿ ಕಾರವಾರದ ಆಫೀಸೊಂದಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಭಾನುವಾರವಾದ್ದರಿಂದ ಮನೆಯಲ್ಲಿದ್ದೆ. ಡ್ರೈವರ್ ಲಾರಿಯನ್ನು ರಸ್ತೆ ಬದಿಯ ಕೆಮ್ಮಣ್ಣಿನ ದಿಬ್ಬಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿ ಹಿಂದಿನ ಹಲಗೆ ಇಳಿಸಿದ. ಮೊದಲು ಅಪ್ಪ ಇಳಿದ. ಅವನ ಹಿಂದೆ, ಒಂದೊಂದೇ ಹೆಜ್ಜೆಯನ್ನು ಪರೀಕ್ಷಿಸುತ್ತ, ನಮ್ಮೂರ ಆಕಳಿಗಿಂತ ತುಸುವೇ ಎತ್ತರದ ಒಂದು ಹೆಣ್ಣು ಕುದುರೆ ಇಳಿಯಿತು. ಒದ್ದೆ ತೆಂಗಿನನಾರಿನ ಬಣ್ಣ. ಜೂಲು ಕಣ್ಣಿನ ಮೇಲೇ ಬಿದ್ದಿತ್ತು. ಹಿಂಗಾಲೊಂದು ಕುಂಟು. ಹೊಟ್ಟೆ ಮಾತ್ರ ಎರಡೂ ಕಡೆ ಉಬ್ಬಿಕೊಂಡಿತ್ತು.

ಅವ್ವ ಜಗಲಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಮೀನು ತೊಳೆಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು.

"ಎಮ್ಮೆ ತರ್ತೆ ಅಂದಿದ್ರಿ," ಅಂದಳು.

"ಹೌದು."

"ಇದ್ನ ಹಾಲು ಕರೂಕೆ ಬತ್ತದಾ?"

ಅಪ್ಪ ಕುದುರೆಯ ಕುತ್ತಿಗೆಯ ಮೇಲಿಂದ ಕೈ ತೆಗೆಯದೆ, "ಹೊಟ್ಟೇಲಿ ಮರಿ ಇದೆ," ಅಂದ. ಅಷ್ಟೇ. ಅವ್ವ ಮತ್ತೆ ಮೀನಿನ ಕಡೆ ಹೋದಳು.

ಆಮೇಲೆ ನನಗೆ ತಿಳಿದದ್ದು ಇಷ್ಟು. ತನ್ನ ಜೊತೆ ಸೈನ್ಯದಲ್ಲಿದ್ದವನೊಬ್ಬನ ಮಗಳ ಮದುವೆಗೆಂದು ಅಪ್ಪ ಮುಂಡಗೋಡಿಗೆ ಹೋಗಿದ್ದ. ಅಲ್ಲಿ ಗದ್ದೆ ಬಯಲಿನಲ್ಲಿ ಬಯಲುಸೀಮೆಯ ಕುರಿಗಾಹಿಗಳು ಬಿಡಾರ ಹೂಡಿದ್ದರು. ಅವರು ಊರಿಂದೂರಿಗೆ ತಮ್ಮ ಗುಡಾರ, ಪಾತ್ರೆ, ನಡೆಯಲಾರದ ಮರಿಗಳನ್ನೆಲ್ಲ ಇಂಥ ಗಿಡ್ಡ ಕುದುರೆಗಳ ಬೆನ್ನ ಮೇಲೆ ಹೇರಿಕೊಂಡು ಹೋಗುವವರು. ಈ ಕುದುರೆಯ ಕಾಲು ಉಳುಕಿ ಬಾತಿತ್ತು. ಮರುದಿನ ಅವರು ಹೊರಡಬೇಕಿತ್ತು, ಇದನ್ನು ಅಲ್ಲೇ ಬಿಟ್ಟು ಹೋಗುವವರಿದ್ದರು. ಎಮ್ಮೆಗೆಂದು ಒಯ್ದಿದ್ದ ಹಣವನ್ನು ಅಪ್ಪ ಅವರ ಕೈಗೆ ಕೊಟ್ಟು, ಲಾರಿ ಹುಡುಕಿದ್ದ.

ಅಪ್ಪ ಸೈನ್ಯದಲ್ಲಿ ಬಂದೂಕಿಗಿಂತ ಹೆಚ್ಚು ಹಿಡಿದದ್ದು ಹಗ್ಗವನ್ನು. ಉತ್ತರದ ಬೆಟ್ಟಗಳಲ್ಲಿ ರಸ್ತೆಯಿಲ್ಲದ ಕಡೆ ಸಾಮಾನು ಹೊರುವ ಹೇಸರಗತ್ತೆ, ಕುದುರೆಗಳನ್ನು ನೋಡಿಕೊಳ್ಳುವುದು ಅವನ ಕೆಲಸವಾಗಿತ್ತು. ವರ್ಷಕ್ಕೊಮ್ಮೆ ರಜೆಗೆ ಬರುತ್ತಿದ್ದ. ಬಂದಾಗ ಮನೆಗೆ ಸುಣ್ಣ ಹೊಡೆಸುವುದು, ಮಾಡಿನ ಹೆಂಚು ಸರಿಮಾಡಿಸುವುದು, ಬಾವಿಯ ಕೆಸರು ತೆಗೆಸುವುದು, ಅಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಅವ್ವ ಕಾರವಾರದ ಹಬ್ಬುವಾಡದವಳು. ತವರಿನಲ್ಲಿ ಕೊಂಕಣಿ, ಇಲ್ಲಿ ಬಂದಮೇಲೆ ಕನ್ನಡ. ಅಜ್ಜಿಯನ್ನು, ಗದ್ದೆಯನ್ನು, ನನ್ನನ್ನು ಅವಳೊಬ್ಬಳೇ ನಿಭಾಯಿಸಿದ್ದಳು. ಅಪ್ಪ ಪಿಂಚಣಿ ಪಡೆದು ಖಾಯಂ ಮನೆಗೆ ಬಂದಮೇಲೆ ಅವರಿಬ್ಬರೂ ಒಂದೇ ಮನೆಗೆ ಬಂದಿಳಿದ ಇಬ್ಬರು ನೆಂಟರ ಹಾಗಿದ್ದರು. ಜಗಳವಿರಲಿಲ್ಲ. "ಊಟಕ್ಕೆ ಬರ್ಬಹುದು" ಅಂದರೆ ಅಪ್ಪ ಬರುತ್ತಿದ್ದ. "ಸಾಕು" ಅಂದರೆ ಅವ್ವ ಬಡಿಸುವುದನ್ನು ನಿಲ್ಲಿಸುತ್ತಿದ್ದಳು. ಮಾತು ಅದಕ್ಕಿಂತ ಮುಂದೆ ಹೋದದ್ದನ್ನು ನಾನು ಕೇಳಿದ್ದು ಕಡಿಮೆ.

ಕುದುರೆಯ ಕಾಲಿಗೆ ಅಪ್ಪ ದಿನಾ ಬಿಸಿ ಉಪ್ಪುನೀರಿನ ಬಟ್ಟೆ ಕಟ್ಟಿದ. ಬಾವು ಇಳಿಯಿತು, ಕುಂಟು ಪೂರ್ತಿ ಹೋಗಲಿಲ್ಲ. ಮಳೆಗಾಲ ಕೂತ ಮೇಲೆ, ಒಂದು ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ಅಪ್ಪ ಕೊಟ್ಟಿಗೆಯಿಂದ ಕೂಗಿದ. ಮಗಳಾದ ನನ್ನನ್ನು ಅವನು ಕರೆಯುತ್ತಿದ್ದದ್ದು ತಂಗಿ ಎಂದೇ. "ತಂಗೀ, ಬಾ ಇಲ್ಲಿ. ಗಲಾಟೆ ಮಾಡ್ಬೇಡ." ಹೋಗಿ ನೋಡಿದರೆ ಹುಲ್ಲಿನ ಮೇಲೆ ಒದ್ದೆಯಾದ, ಬರೀ ಕಾಲುಗಳೇ ಅನ್ನಿಸುವ ಒಂದು ಮರಿ. ಎದ್ದು ನಿಲ್ಲಲು ನೋಡುತ್ತಿತ್ತು, ಬೀಳುತ್ತಿತ್ತು, ಮತ್ತೆ ನೋಡುತ್ತಿತ್ತು. ಹೆಣ್ಣುಮರಿ. ಹಣೆಯ ಮೇಲೆ ಅಕ್ಕಿಕಾಳಿನಷ್ಟು ಬಿಳಿ. ಅಪ್ಪ ಅದನ್ನು ಮುಟ್ಟಲಿಲ್ಲ, ಎತ್ತಲಿಲ್ಲ. ತಾಯಿ ನೆಕ್ಕಿ ಮುಗಿಸುವವರೆಗೂ ಗೋಡೆಗೆ ಒರಗಿ ಕುಕ್ಕರುಗಾಲಲ್ಲಿ ಕೂತಿದ್ದ. ಅಂಕೋಲೆಯಿಂದ ಬಂದ ದನದ ಡಾಕ್ಟರು ಮರಿಯನ್ನು ನೋಡಿ ಖುಷಿಪಟ್ಟು, "ನನ್ನ ಸರ್ವೀಸಿನಲ್ಲಿ ಈ ತಾಲೂಕಿನಲ್ಲಿ ಹುಟ್ಟಿದ ಕುದುರೆ ಇದೊಂದೇ ನಾ ಕಂಡದ್ದು," ಅಂದರು. ಅಪ್ಪ ಊರವರಿಗೆ ಹವಾಲ್ದಾರರು, ಹಾಗಾಗಿ ಅದನ್ನು ಹವಾಲ್ದಾರರ ಮರಿ ಅಂತಲೇ ಕರೆದರು. ಅಪ್ಪ ಬೇರೆ ಹೆಸರಿಡಲಿಲ್ಲ.

ನಮ್ಮ ಗದ್ದೆ ಇದ್ದದ್ದು ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪುನೀರು ಏರಿ ಇಳಿಯುವ ತಗ್ಗುಭೂಮಿಯಲ್ಲಿ. ಅಲ್ಲಿಗೆ ಗಾಡಿ ಹೋಗದು. ಕೊಯ್ದ ಭತ್ತದ ಹೊರೆಯನ್ನು ತಲೆಯ ಮೇಲೆ ಹೊತ್ತು, ಒಂದಾಳು ಅಗಲದ ಮಣ್ಣಿನ ಒಡ್ಡಿನ ಮೇಲೆ ನಡೆದು ಮನೆಗೆ ತರಬೇಕು. ಅವ್ವ ಮದುವೆಯಾಗಿ ಬಂದಾಗಿನಿಂದ ಹೊತ್ತು ಹೊತ್ತು ಅವಳ ಕುತ್ತಿಗೆ ಒಂದು ಬದಿಗೆ ತಿರುಗುತ್ತಿರಲಿಲ್ಲ. ಮರಿ ದೊಡ್ಡದಾದರೆ ಆ ಹೊರೆ ಅದು ಹೊರುತ್ತದೆ ಎಂಬುದು ಅಪ್ಪನ ಎಣಿಕೆ. ನನಗೆ ಒಮ್ಮೆ ಹೇಳಿದ್ದ. ಅವ್ವನಿಗೆ ಹೇಳಿದ್ದನೋ ಇಲ್ಲವೋ ತಿಳಿಯದು.

ಮರಿಗೆ ಕೆಲವು ತಿಂಗಳಾದಾಗ ಅಪ್ಪ ಅವ್ವನ ಹತ್ತಿರ ಹಳೇ ಹತ್ತಿ ಸೀರೆ ಕೇಳಿದ. ಕತ್ತದ ಹಗ್ಗ ಮರಿಯ ಮುಖಕ್ಕೆ ಒರಟು ಎಂದು. ಅವ್ವ ಕೊಟ್ಟಳು. ಸೀರೆಯನ್ನು ಉದ್ದಕ್ಕೆ ಹರಿದು, ಜಡೆಯ ಹಾಗೆ ಹೆಣೆದು, ಮುಖಕ್ಕೆ ಹಾಕುವ ಮೆತ್ತನೆಯ ಹಗ್ಗ ಮಾಡಿದ. ಕೂಡಲೇ ಹಾಕಲಿಲ್ಲ. ಮರಿ ಮೇಯುವಲ್ಲಿ ಅದನ್ನು ಇಟ್ಟುಬಿಟ್ಟ. ಅದು ಮೂಸಿತು, ಕಚ್ಚಿತು, ಎಳೆದಾಡಿತು. ಆಮೇಲೆ ಕುತ್ತಿಗೆಯ ಮೇಲೆ ಸುಮ್ಮನೆ ಹಾಕಿ ತೆಗೆದ. ಹೀಗೆ ಎಷ್ಟೋ ದಿನ. ಒಂದು ದಿನ ಮರಿ ತಾನೇ ಮೂತಿ ಮುಂದೆ ಮಾಡಿ ಹಗ್ಗದೊಳಗೆ ತೂರಿಸಿತು. ಕೊಟ್ಟಿಗೆಯಾಚೆ ಕೊಂಕಣ ರೈಲು ಹೋಗುವಾಗ ಮೊದಮೊದಲು ಅದು ಗೋಡೆಗೆ ಹಾಯುತ್ತಿತ್ತು. ಅಪ್ಪ ರೈಲಿನ ಹೊತ್ತಿಗೆ ಸರಿಯಾಗಿ ಒಂದು ಹಿಡಿ ನೆನೆಸಿದ ಹುರುಳಿ ತಂದು ಅದರ ಪಕ್ಕ ನಿಲ್ಲುತ್ತಿದ್ದ. ಸ್ವಲ್ಪ ಕಾಲದ ಮೇಲೆ, ದೂರದಲ್ಲಿ ರೈಲು ಕೂಗಿದರೆ ಮರಿ ಹುರುಳಿಗಾಗಿ ಅವನ ಕೈ ಹುಡುಕತೊಡಗಿತು.

ಗದರಿದ್ದನ್ನು ನಾನು ಕಾಣೆ. ಒಮ್ಮೆ ಕೇಳಿದೆ, ಸೈನ್ಯದಲ್ಲೂ ಹೀಗೇ ಕಲಿಸುತ್ತಿದ್ದರಾ ಎಂದು. ಅಪ್ಪ ಮರಿಯ ಜೂಲು ಬಿಡಿಸುತ್ತಲೇ ಹೇಳಿದ.

"ಎಲ್ಲಾ ನಮೂನೆ ಜನ ಇರ್ತಿದ್ರು. ಒಂದು ಹೇಸರಗತ್ತೆ ಇತ್ತು, ನನ್ನ ಕೈಗೆ ಬರೂಕಿಂತ ಮೊದ್ಲು ಯಾರೋ ಚೆನ್ನಾಗಿ ಹೊಡ್ದಿದ್ರು ಅದ್ಕೆ. ಹೇಳಿದ್ದೆಲ್ಲಾ ಮಾಡ್ತಿತ್ತು. ಒಂದಿನ ಇಳಿಜಾರಲ್ಲಿ ಅದ್ರ ಕಾಲಡಿ ಕಲ್ಲು ಸಡಿಲ ಇತ್ತು. ಬೇರೆ ಕತ್ತೆ ಆಗಿದ್ರೆ ನಿಂತ್ಬಿಡ್ತಿತ್ತು. ಇದು ನಿಲ್ಲಲಿಲ್ಲ. ನಿಂತ್ರೆ ಹೊಡೀತಾರೆ ಅಂತ ಅದ್ಕೆ ಗೊತ್ತಿತ್ತು."

ಅಷ್ಟು ಹೇಳಿ ಹುಲ್ಲು ತರಲು ಎದ್ದ.

ಕುದುರೆಗಳ ಹತ್ತಿರ ಅಪ್ಪ ಹಿಂದಿಯಲ್ಲಿ ಮಾತಾಡುತ್ತಿದ್ದ. ಸೇವೆಯ ರೂಢಿ. ಚಲ್, ರುಕ್, ಶಾಬಾಶ್ ಅಷ್ಟೇ ಅಲ್ಲ, ಉದ್ದುದ್ದ ಮಾತು. ಇವತ್ತು ಸೆಖೆ ಜಾಸ್ತಿ, ಹುಲ್ಲು ಚೆನ್ನಾಗಿಲ್ಲ, ನಾಳೆ ಪೇಟೆಗೆ ಹೋಗಬೇಕು, ಹೀಗೆ. ಮಧ್ಯಾಹ್ನ ಅಕ್ಕಿ ಕೇರುತ್ತ ಹಿತ್ತಲಿನಲ್ಲಿ ಕೂತರೆ ಕೊಟ್ಟಿಗೆಯ ಮಾತು ಅವ್ವನಿಗೆ ಕೇಳುತ್ತಿತ್ತು. ಅರ್ಥವಾಗುತ್ತಿದ್ದದ್ದು ಅರ್ಧ. ಒಂದು ದಿನ ನನಗೆ ಹೇಳಿದಳು, ಗೆರಸೆಯಿಂದ ತಲೆಯೆತ್ತದೆ. ನಾನು ಅವಳಿಗೆ ಬಾಯ, ಅವಳ ತವರಿನಲ್ಲಿ ಮಗಳನ್ನು ಕರೆಯುವ ಹಾಗೆ.

"ಕೇಳು ಬಾಯ. ಇಷ್ಟು ವರ್ಷದಲ್ಲಿ ನನ್ನ ಹತ್ರ ಇಷ್ಟು ಮಾತಾಡಿದ್ರೆ ಒಂದು ರಾಮಾಯಣ ಆಗ್ತಿತ್ತು."

ನಗುತ್ತಲೇ ಹೇಳಿದ್ದಳು. ಆದರೆ ಅವಳು ಕೊಟ್ಟಿಗೆಗೆ ಕಾಲಿಡುತ್ತಿರಲಿಲ್ಲ. ಕುದುರೆ ಒದೆಯುತ್ತದೆ ಎಂಬುದು ಅವಳು ಕೊಡುತ್ತಿದ್ದ ಕಾರಣ.

ಮರಿ ಬೆಳೆದು ತಾಯಿಯ ಎತ್ತರಕ್ಕೆ ಬಂತು. ಅಪ್ಪ ಅದರ ಬೆನ್ನ ಮೇಲೆ ಖಾಲಿ ಗೋಣಿಚೀಲ ಹಾಕಿ ತೆಗೆಯುವುದನ್ನು ಶುರುಮಾಡಿದ್ದ. ಗೋಣಿಯಲ್ಲಿ ಇನ್ನು ಹುಲ್ಲು ತುಂಬಬೇಕು, ಆಮೇಲೆ ಸ್ವಲ್ಪ ತೂಕ, ಮೂಳೆ ಗಟ್ಟಿಯಾಗುವವರೆಗೆ ಪೂರ್ತಿ ಹೊರೆ ಬೇಡ, ಎಂದೆಲ್ಲ ನನ್ನ ಹತ್ತಿರ ಹೇಳುತ್ತಿದ್ದ. ಆ ಮಳೆಗಾಲದಲ್ಲಿ, ಪಿಂಚಣಿಯ ಯಾವುದೋ ಕೆಲಸಕ್ಕೆಂದು ನನ್ನ ಜೊತೆಯೇ ಬಸ್ಸು ಹತ್ತಿ ಕಾರವಾರಕ್ಕೆ ಬಂದ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ನಾನು ಕೊಡೆ ಬಿಚ್ಚುತ್ತಿದ್ದಾಗ, "ತಂಗೀ, ಸ್ವಲ್ಪ ಕೂತ್ಕಳ್ತೆ," ಅಂದ. ಕಲ್ಲುಬೆಂಚಿನ ಮೇಲೆ ಕೂತ. ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಒಯ್ದರೂ ಅಲ್ಲಿ ಮಾಡುವಂಥದ್ದೇನೂ ಉಳಿದಿರಲಿಲ್ಲ. ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ಅವನನ್ನು ಮನೆಗೆ ತಂದೆವು. ಮಳೆ ಬಿಟ್ಟಿತ್ತು. ಅಂಗಳದಲ್ಲಿ ಜನ ಸೇರಿದ್ದರು. ಆಗ ಕೊಟ್ಟಿಗೆಯಿಂದ ಎರಡೂ ಕುದುರೆಗಳು ಕೆನೆದವು. ಬೆಳಗಿನಿಂದ ಯಾರೂ ಅವಕ್ಕೆ ಹುಲ್ಲು ಹಾಕಿರಲಿಲ್ಲ.

ಹೆಂಗಸರ ನಡುವೆ ಕೂತಿದ್ದ ಅವ್ವ ತಲೆಯೆತ್ತಿ, "ಯಾರಾದ್ರೂ ಅವಕ್ಕೆ ಹುಲ್ಲು ಹಾಕಿ," ಅಂದಳು. ಚಿಕ್ಕಪ್ಪ ಎದ್ದು ಹೋದ.

ಚಿಕ್ಕಪ್ಪ ಅಂದರೆ ಅಪ್ಪನ ತಮ್ಮ, ಪಕ್ಕದ ಮನೆಯವನು. ಅಣ್ಣ ದೂರವಿದ್ದಾಗೆಲ್ಲ ನಮ್ಮ ಗದ್ದೆ ಹೂಡಿದವನು ಅವನೇ. ಸೂತಕದ ದಿನಗಳಲ್ಲಿ, ಆಮೇಲೂ, ಕುದುರೆಗಳಿಗೆ ಮೇವು ನೀರು ಹಾಕಿದ. ಯಾರೋ ಬಂದು ಅವನ್ನು ಕೊಡುತ್ತೀರಾ ಎಂದು ಕೇಳಿದಾಗ ಅವ್ವ "ನೋಡ್ವ" ಅಂದಿದ್ದಳು. ಹೌದೂ ಅಲ್ಲ, ಇಲ್ಲವೂ ಅಲ್ಲ. ಮರಿಯನ್ನು ಮುಟ್ಟುವವರಿರಲಿಲ್ಲ. ಅದು ಬಾಗಿಲ ಹತ್ತಿರ ನಿಂತು ಒಳಗೆ ಬಂದವರ ಕೈಯನ್ನೆಲ್ಲ ಮೂಸಿ, ಮುಖ ತಿರುಗಿಸುತ್ತಿತ್ತು.

ಕೊಯ್ಲು ಬಂತು. ಆ ವರ್ಷ ಆಳು ಸಿಗುವುದು ಕಷ್ಟವಾಗಿತ್ತು. ಕುದುರೆ ಸುಮ್ಮನೆ ತಿಂದುಕೊಂಡಿರುವುದು ಚಿಕ್ಕಪ್ಪನಿಗೆ ಸರಿಕಾಣಲಿಲ್ಲ. ಅತ್ತಿಗೆ ಮತ್ತೆ ಹೊರೆ ಹೊರುವುದೂ ಅವನಿಗೆ ಸರಿಕಾಣಲಿಲ್ಲ. ಒಂದು ಬೆಳಿಗ್ಗೆ ಅವ್ವನೂ ನಾನೂ ಗದ್ದೆಯಲ್ಲಿದ್ದಾಗ, ಅವನು ಮರಿಯನ್ನು ಅಂಗಳದ ತೆಂಗಿನಮರಕ್ಕೆ ಗಿಡ್ಡವಾಗಿ ಕಟ್ಟಿ, ಬೆನ್ನ ಮೇಲೆ ಭತ್ತದ ಮೂಟೆ ಎತ್ತಿಹಾಕಿ ಬಿಗಿದ. ಹೋರಿಗಳನ್ನು ಅವನು ಪಳಗಿಸಿದ್ದು ಹಾಗೆಯೇ, ಅವನ ಅಪ್ಪ ಪಳಗಿಸಿದ್ದೂ ಹಾಗೆಯೇ. ಮರಿ ಹಾರಿತು. ಅವನು ಕೋಲು ತೆಗೆದುಕೊಂಡ. ಅದು ಹಿಂದಕ್ಕೆ ಜಗ್ಗಿ ಜಗ್ಗಿ, ಬಿದ್ದು, ಎದ್ದು, ಕೊನೆಗೆ ಹಗ್ಗ ಹರಿದುಕೊಂಡು ಓಡಿತು. ಒಡೆದ ಮೂಟೆ ರಸ್ತೆಗೆ ಬಿತ್ತು. ಕೂಗು ಕೇಳಿ ನಾವು ಬರುವಷ್ಟರಲ್ಲಿ ಅಂಗಳದಲ್ಲಿ ಭತ್ತ ಚೆಲ್ಲಿತ್ತು, ಅದರಲ್ಲಿ ಅಲ್ಲಲ್ಲಿ ರಕ್ತದ ಹನಿ.

ಚಿಕ್ಕಪ್ಪ ಮರಕ್ಕೆ ಒರಗಿ ನಿಂತಿದ್ದ. ಅವನ ಅಂಗೈಯ ಚರ್ಮವೂ ಹಗ್ಗಕ್ಕೆ ಕಿತ್ತುಹೋಗಿತ್ತು.

"ಅತ್ತಿಗೆ, ಹೋರಿ ಎಲ್ಲಾ ನಾವು ಹೀಂಗೇ ಅಲ್ವಾ ಪಳಗ್ಸಿದ್ದು?" ಅಂದ.

"ಹೌದು ತಮ್ಮಾ," ಅಂದಳು ಅವ್ವ. "ಕೈಗೆ ಅರಿಶಿಣ ಹಾಕ್ಕೋ."

ಮರಿ ಹೆದ್ದಾರಿ ದಾಟಿ ಕಡಲ ಕಡೆಗೆ ಓಡಿತೆಂದು ಯಾರೋ ಹೇಳಿದರು. ನಾನು ಹುಡುಕಿಕೊಂಡು ಹೊರಟೆ. ದಂಡೆಯ ಗಾಳಿಮರಗಳ ತೋಪಿನಲ್ಲಿ ಅದು ನಿಂತಿತ್ತು. ಮೊಣಕಾಲು ಸುಲಿದಿತ್ತು, ಕುತ್ತಿಗೆಯ ಸುತ್ತ ಹಗ್ಗದ ಗಾಯ. ಹತ್ತಿರ ಹೋದರೆ ಅಷ್ಟೇ ದೂರ ಸರಿಯುತ್ತಿತ್ತು. ನನ್ನ ಕೈಯಲ್ಲಿ ಹುರುಳಿಯಿತ್ತು. ಅದರ ಕಡೆ ನೋಡಲೂ ಇಲ್ಲ. ಮೀನುಗಾರರು ನಾಲ್ಕಾರು ಮಂದಿ ಬಲೆ ಬಿಟ್ಟು ಸಹಾಯಕ್ಕೆ ಬಂದರು, ಸುತ್ತುಗಟ್ಟುವಾ ಅಂದರು. ಬೇಡವೆಂದೆ. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದೆ.

ಆಗ ಹೆದ್ದಾರಿಯ ಕಡೆಯ ದಾರಿಯಿಂದ ಅವ್ವ ಬರುತ್ತಿರುವುದು ಕಂಡಿತು. ಒಂದು ಕೈಯಲ್ಲಿ ಹಗ್ಗ. ಹಗ್ಗದ ತುದಿಯಲ್ಲಿ, ಕುಂಟುತ್ತ, ತಾಯಿಕುದುರೆ.

ಕೊಟ್ಟಿಗೆಗೇ ಹೋಗದವಳು ಹಗ್ಗ ಹೇಗೆ ಬಿಚ್ಚಿದಳೋ, ಲಾರಿಗಳು ಓಡುವ ಹೆದ್ದಾರಿಯನ್ನು ಹೇಗೆ ದಾಟಿಸಿದಳೋ. ಹಗ್ಗವನ್ನು ಆದಷ್ಟು ಉದ್ದಕ್ಕೆ ಬಿಟ್ಟು, ತೋಳು ಚಾಚಿ ಹಿಡಿದಿದ್ದಳು. ತೋಪಿನ ಹತ್ತಿರ ಬಂದಾಗ ತಾಯಿಕುದುರೆ ಒಮ್ಮೆ ಕೆನೆಯಿತು. ಮರಿ ಕಿವಿ ನಿಮಿರಿಸಿತು. ಅವ್ವ ಮುಂದೆ ಹೋಗಲಿಲ್ಲ. ಮರಳಿನ ಮೇಲೆ ಕೂತುಬಿಟ್ಟಳು, ಹಗ್ಗ ಮಡಿಲಲ್ಲಿ ಹಾಕಿಕೊಂಡು. ನನ್ನನ್ನೂ ಕೂರಲು ಹೇಳಿದಳು. ತಾಯಿಕುದುರೆ ಅಲ್ಲೇ ಬಳ್ಳಿ ಕಿತ್ತು ತಿನ್ನತೊಡಗಿತು. ಬಿಸಿಲು ಇಳಿಯುವವರೆಗೂ ಹಾಗೇ ಕೂತಿದ್ದೆವು. ಮರಿ ಸ್ವಲ್ಪ ಸ್ವಲ್ಪವೇ ಸರಿದು ಬಂದು ತಾಯಿಯ ಹೊಟ್ಟೆಗೆ ಮೂತಿ ಒತ್ತಿ ನಿಂತಿತು.

ಅವ್ವ ಅದನ್ನು ಕಟ್ಟಲಿಲ್ಲ. ಎದ್ದು, ತಾಯಿಕುದುರೆಗೆ, "ಯೋ ಗೋ," ಅಂದಳು, ಬಾರೇ ಎಂದು, ತನ್ನ ತವರಿನ ಮಾತಿನಲ್ಲಿ. ಹೆದರಿಕೆಗೆ ಆ ಹೊತ್ತಿನಲ್ಲಿ ಬಾಯಿಗೆ ಬಂದ ಮಾತು ಅದೇ ಇರಬೇಕು. ತಾಯಿಕುದುರೆ ನಡೆಯಿತು, ಮರಿ ಅದರ ಹಿಂದೆ. ಹೆದ್ದಾರಿಯಲ್ಲಿ ಮೀನುಗಾರರು ಎರಡೂ ಕಡೆಯ ಗಾಡಿಗಳನ್ನು ಕೈಯೆತ್ತಿ ನಿಲ್ಲಿಸಿದರು.

ಗಾಯಕ್ಕೆ ಡಾಕ್ಟರು ಕೊಟ್ಟ ಮುಲಾಮು ಹಚ್ಚಬೇಕಿತ್ತು. ನಾನು ಹೋದರೆ ಮರಿ ಮೂಲೆಗೆ ಒತ್ತಿಕೊಂಡು ನಡುಗುತ್ತಿತ್ತು. ಚಿಕ್ಕಪ್ಪನ ಕೆಮ್ಮು ಅಂಗಳದಲ್ಲಿ ಕೇಳಿದರೂ ಸಾಕು, ಬೆವರುತ್ತಿತ್ತು. ಹಾಗಾಗಿ ಅವ್ವ ಹೋದಳು. ಮೊದಲ ದಿನ ಬಾಗಿಲಲ್ಲಿ ನಿಂತು ಬಂದಳು. ಮರುದಿನ ಒಳಗೆ ಕೂತು ಬಂದಳು. ತೆಂಗಿನಗರಿ ಸೀಳಿ ಹಿಡಿಕಡ್ಡಿ ತೆಗೆಯುವುದು, ಕಾಳು ಆರಿಸುವುದು, ಹುಣಸೆ ಬಿಡಿಸುವುದು, ಕೂತು ಮಾಡುವ ಕೆಲಸವನ್ನೆಲ್ಲ ಕೊಟ್ಟಿಗೆಗೆ ಒಯ್ದಳು. ಸಂಜೆ ಬಸ್ಸಿಳಿದು ಬಂದರೆ ಅವಳು ಅಲ್ಲಿರುತ್ತಿದ್ದಳು.

ಒಂದು ಸಂಜೆ ಒಳಗಿನಿಂದ ಅವಳ ದನಿ ಕೇಳಿತು. ಕೊಂಕಣಿಯಲ್ಲಿ ಮಾತಾಡುತ್ತಿದ್ದಳು, ಮೆಲ್ಲಗೆ, ತಡೆಯಿಲ್ಲದೆ. ತನ್ನ ತಂದೆ ಹಬ್ಬುವಾಡದ ಮನೆ ಕಟ್ಟಿಸಿದ್ದು, ತನ್ನ ಮದುವೆಯ ಹೋಳಿಗೆ ಸೀದುಹೋದದ್ದು, ಗಂಡ ಮೊದಲ ಸಲ ಸೇವೆಗೆ ಹೊರಟಾಗ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದು. ನನಗೂ ಅವಳು ಹೇಳದ ಸಂಗತಿಗಳು. ನಾನು ಬಂದದ್ದನ್ನು ತಿಳಿಸದೆ, ಸಪ್ಪಳವಾಗದಂತೆ ಹಿಂದಕ್ಕೆ ಹೋದೆ.

ಮುಲಾಮು ಹಚ್ಚಲು ಮರಿ ಬಿಟ್ಟುಕೊಟ್ಟ ದಿನ ಅವ್ವ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಅತ್ತಿದ್ದಳು.

"ಎಂತಾ ಆಯ್ತು?"

"ಕುತ್ತಿಗೆಗೆ ಹಚ್ತಿದ್ದೆ ಬಾಯ. ಅದು ತಲೆ ತಂದು ನನ್ನ ಕಂಕುಳಿನ ಕೆಳಗೆ ಇಟ್ಟು, ಕಿವಿ ಹಿಂದೆ ತುರಿಸು ಅಂತ ಒತ್ತೂಕೆ ಹತ್ತಿತು. ಅವ್ರು ದಿನಾ ತುರಿಸ್ತಿದ್ರು ಕಾಣ್ತದೆ." ಸೆರಗಿನಿಂದ ಮುಖ ಒರೆಸಿಕೊಂಡಳು. "ಅವ್ರ ಕೈ ಅಷ್ಟು ಮೆತ್ತಗಿತ್ತು ಅಂತ ಅದ್ಕೆ ಗೊತ್ತಿತ್ತು. ನಂಗೆ ಗೊತ್ತಾಗೂಕೆ ಹೊತ್ತೇ ಸಿಕ್ಕಲಿಲ್ಲ."

ಅಪ್ಪ ಸತ್ತ ಮೇಲೆ ಅವಳು ಹಾಗೆ ಅತ್ತದ್ದು ನಾನು ಕಂಡದ್ದು ಅಂದೇ. ಒಲೆಯ ಮೇಲಿನ ಸಾರು ಉಕ್ಕಿತು, ನಾನು ಇಳಿಸಿದೆ.

ಅಲ್ಲಿಂದಾಚೆ ಅವಳು ಮೊದಲಿನಿಂದ ಶುರುಮಾಡಿದಳು. ಅಪ್ಪ ಹೇಗೆ ಮಾಡುತ್ತಿದ್ದನೆಂದು ನನ್ನನ್ನು ಕೇಳುತ್ತಿದ್ದಳು, ನಾನು ನೋಡಿದ್ದಷ್ಟು ಹೇಳುತ್ತಿದ್ದೆ. "ಚಲ್" ಎಂದು ಅವಳು ಅಂದರೆ ಮರಿ ಅವಳ ಹಿಂದೆ ಬಾಗಿಲ ಕಡೆ ನೋಡುತ್ತಿತ್ತು, ಆ ಮಾತಿನವನು ಬಂದನೇನೋ ಎಂದು. ಅವಳಿಗೆ ಅದು ತಡೆಯಲಾಗಲಿಲ್ಲ. ಹಿಂದಿ ಬಿಟ್ಟಳು. ನಿಲ್ಲು ಎನ್ನಲು "ರಾವ್ ಗೋ," ಬಾ ಎನ್ನಲು "ಯೋ ಗೋ," ಆಯಿತು ಎನ್ನಲು "ಜಾಲೆಂ." ಮರಿ ಕಲಿತದ್ದು ಬೇಗ. ಗೋಣಿ ಕಂಡರೆ ಮಾತ್ರ ಈಗಲೂ ಹೆದರಿ ಹಿಂದೆ ಸರಿಯುತ್ತಿತ್ತು. ಅವ್ವ ಒಂದು ಗೋಣಿಯನ್ನು ತಾನೇ ಹೆಗಲ ಮೇಲೆ ಹೊದ್ದು ಕೊಟ್ಟಿಗೆಯಲ್ಲಿ ಓಡಾಡಿದಳು. ಮಳೆಯಲ್ಲಿ, ಬೆನ್ನಿಗೆ ಹೊದೆಯುವ ಎಲೆಯ ಗೊರಬೆಯ ಬದಲು ಅದನ್ನೇ ಹೊದ್ದು ಹುಲ್ಲು ತಂದಳು. ಗೋಣಿಗೆ ಅವಳ ವಾಸನೆ ಹತ್ತಿದ ಮೇಲೆ ಮರಿ ಅದನ್ನು ಬೆನ್ನ ಮೇಲೆ ಬಿಟ್ಟುಕೊಂಡಿತು.

ಚಿಕ್ಕಪ್ಪ ನಮ್ಮ ಅಂಗಳಕ್ಕೆ ಬರುವುದನ್ನು ಬಿಟ್ಟಿದ್ದ. ತಾನು ಬಂದರೆ ಕುದುರೆ ಹೆದರುತ್ತದೆ ಎಂದು ಹಿತ್ತಿಲ ಬೇಲಿಯಾಚೆಯೇ ಹುಲ್ಲಿನ ಹೊರೆ ಇಟ್ಟು ಹೋಗುತ್ತಿದ್ದ. ಅವ್ವ ಒಂದು ದಿನ ಅವನನ್ನು ಕರೆಸಿದಳು.

"ತಮ್ಮಾ, ದಿನಾ ಬಂದು ಆ ಜಗಲಿ ಮೇಲೆ ಕೂತ್ಕೋ. ಚಾ ಕುಡಿ. ಅದ್ರ ಕಡೆ ನೋಡ್ಬೇಡ."

"ಎಂತಕೆ ಅತ್ತಿಗೆ? ಅದು ನನ್ನ ಮರೀತದಾ?"

"ಮರೀತದೋ ಇಲ್ವೋ. ನೀ ಇದ್ದೂ ಎಂತದೂ ಆಗಲಿಲ್ಲ ಅಂತ ಅದು ದಿನಾ ನೋಡ್ಲಿ."

ಅವನು ಬಂದು ಕೂತ. ಮಳೆಗಾಲವಿಡೀ ಬಂದ. ಜಗಲಿಗೂ ಕೊಟ್ಟಿಗೆಗೂ ನಡುವಿನ ಅಂಗಳದಲ್ಲಿ ಮರಿ ಮೇಯುತ್ತಿತ್ತು. ನವರಾತ್ರಿಯ ಸುಮಾರಿಗೆ ಅವನು ಪಕ್ಕದಲ್ಲಿ ಹಾದುಹೋದರೂ ಬೆವರುವುದು ನಿಂತಿತು. ಅವನ ಕೈಯಿಂದ ತಿನ್ನಲು ಮಾತ್ರ ಅದು ಎಂದೂ ಬರಲಿಲ್ಲ. ಅವನು ಅದನ್ನು ಬೇಡಲೂ ಇಲ್ಲ.

ಆ ಸಲದ ಕೊಯ್ಲಿನಲ್ಲಿ ಮರಿ ಮೊದಲ ಹೊರೆ ಹೊತ್ತಿತು. ಬೆನ್ನ ಎರಡೂ ಕಡೆ ಒಂದೊಂದು ಭತ್ತದ ಕಟ್ಟು, ಅಡಿಯಲ್ಲಿ ಹಳೇ ಕಂಬಳಿ. ಅವ್ವ ಮುಂದೆ. ಹಗ್ಗ ಸಡಿಲವಾಗಿ ಅವಳ ಹೆಗಲ ಮೇಲೆ. ಒಡ್ಡಿನ ಎರಡೂ ಕಡೆ ನೀರು, ನೀರಿನಲ್ಲಿ ಬೆಳ್ಳಕ್ಕಿ. ಒಡ್ಡು ಕುಸಿದ ಒಂದು ಕಡೆ ಮರಿ ನಿಂತುಬಿಟ್ಟಿತು. ಮುಂಗಾಲಿನಿಂದ ಮಣ್ಣನ್ನು ಕೆರೆಯಿತು. ಹಿಂದೆ ಹೊರೆ ಹೊತ್ತು ಬರುತ್ತಿದ್ದವರೂ ನಿಂತರು. ಅವ್ವ ಎಳೆಯಲಿಲ್ಲ. ಅದು ನೋಡಿ ಮುಗಿಸುವವರೆಗೆ ಕಾದಳು. ಮರಿ ಕುಸಿದ ಜಾಗವನ್ನು ಬಿಟ್ಟು, ಬದಿಯ ಗಟ್ಟಿ ಮಣ್ಣಿನ ಮೇಲೆ ಕಾಲಿಟ್ಟು ದಾಟಿತು. ಹಿಂದಿದ್ದ ಚಿಕ್ಕಪ್ಪ ಸಲಿಕೆ ತರಿಸಿ ಆ ಜಾಗಕ್ಕೆ ಮಣ್ಣು ಹಾಕಿಸಿದ.

ಆ ಮೇಲೆ ವರ್ಷಗಳು ಒಂದೇ ಸಮ ಹೋದವು. ತಾಯಿಕುದುರೆ ಒಂದು ಬೇಸಿಗೆಯಲ್ಲಿ ಮುದಿತನದಿಂದ ಸತ್ತಿತು; ತೆಂಗಿನತೋಟದ ಅಂಚಿನಲ್ಲಿ ಹೂಳಿದೆವು. ಮರಿಯೆಂದು ಕರೆಯುತ್ತಿದ್ದದ್ದು ತುಂಬು ಕುದುರೆಯಾಯಿತು. ಅದು ಒಂಟಿಯಾಗಿ ಬೇಲಿಯ ಹತ್ತಿರ ನಿಲ್ಲುವುದನ್ನು ನೋಡಿ ಅವ್ವನೇ ಒಂದು ದಿನ ಕೇಳಿದಳು, ಎಲ್ಲಾದರೂ ಗಂಡುಕುದುರೆ ಇದೆಯೇ ಎಂದು. ಕಾರವಾರದ ಕಡಲದಂಡೆಯಲ್ಲಿ ಮಕ್ಕಳನ್ನು ಸವಾರಿ ಮಾಡಿಸುವವನೊಬ್ಬನ ಹತ್ತಿರ ಇತ್ತು. ಅವನನ್ನು ನೋಡಲು ಇಬ್ಬರೂ ಹೋದೆವು. ಅವನು ಹೇಳುತ್ತಿದ್ದ ಕುದುರೆಯ ಕುಲಗೋತ್ರ ಅವ್ವನ ಕಿವಿಗೆ ಬೀಳಲೇ ಇಲ್ಲ. ಕಡಿವಾಣ ತಾಗುವ ಬಾಯಿಯ ಮೂಲೆಗಳನ್ನು ನೋಡಿದಳು. ಗಾಯವಿರಲಿಲ್ಲ. ಅವನು ಮಾತಾಡುತ್ತಿರುವಾಗಲೇ ಕುದುರೆ ಅವನ ಅಂಗಿಯ ಜೇಬಿಗೆ ಮೂತಿ ಹಾಕಿ ಬೆಲ್ಲ ಹುಡುಕಿತು. "ಆಗ್ಲಿ," ಅಂದಳು.

ಹುಟ್ಟಿದ್ದು ಗಂಡುಮರಿ, ತಂದೆಯ ಹಾಗೆ ಬೂದು. ಅದನ್ನು ಅವ್ವ ತನ್ನದೇ ರೀತಿಯಲ್ಲಿ ಬೆಳೆಸಿದಳು, ಈಗ ಯಾರನ್ನೂ ಕೇಳಬೇಕಿರಲಿಲ್ಲ. ಆ ಹೊತ್ತಿಗೆ ನಮ್ಮ ಗಜನಿಯವರೆಗೂ ಟೆಂಪೊ ಬರುವಷ್ಟು ಮಣ್ಣಿನ ರಸ್ತೆಯಾಗಿತ್ತು. ಒಂದು ಕುದುರೆಗೇ ಕೆಲಸ ಕಡಿಮೆ, ಎರಡಕ್ಕೆ ಏನು? ರಾಮನಗುಳಿಯ ಹತ್ತಿರ, ಹೊಳೆಯಾಚೆಯ ಗುಡ್ಡದ ಮೇಲೆ ಮನೆಯಿದ್ದ ದಂಪತಿ ಸುದ್ದಿ ಕೇಳಿ ಬಂದರು. ಅವರ ಮನೆಗೆ ರಸ್ತೆಯಿರಲಿಲ್ಲ. ಅಕ್ಕಿ, ಗೊಬ್ಬರ, ಕಾಯಿಲೆಯಾದವರು, ಎಲ್ಲವೂ ಹೆಗಲ ಮೇಲೆಯೇ ಹತ್ತಬೇಕಿತ್ತು. ಗಂಡ ಮಾತಾಡಿದ. ಹೆಂಡತಿ ನೇರ ಗಂಡುಮರಿಯ ಹತ್ತಿರ ಹೋಗಿ, ಕೈ ಚಾಚದೆ, ಸುಮ್ಮನೆ ಪಕ್ಕದಲ್ಲಿ ನಿಂತಳು. ಅವ್ವ ಅದನ್ನು ಗಮನಿಸಿದಳು.

ಮರಿಯನ್ನು ಕೊಡುವುದಕ್ಕೆ ಅವ್ವನದು ಒಂದೇ ಷರತ್ತು, ತಾನೂ ಹೋಗಿ ಕೆಲವು ದಿನ ಅಲ್ಲಿರುತ್ತೇನೆ ಎಂದು. ನಾನು ಶನಿವಾರ ಅವಳನ್ನು ನೋಡಲು ಹೋದೆ. ಸಣ್ಣ ಮನೆ, ಸುತ್ತ ಗೇರುಗಿಡ, ಕೆಳಗೆ ದೂರದಲ್ಲಿ ಗಂಗಾವಳಿ. ಅಂಗಳದಲ್ಲಿ ಆ ಹೆಂಗಸು ಮರಿಯನ್ನು ಕರೆಯುತ್ತಿದ್ದಳು. "ಯೋ ರೇ" ಎಂದು ಗಂಡುಮರಿಗೆ ಹೇಳುವ ಕೊಂಕಣಿ ಅವಳ ನಾಲಿಗೆಗೆ ಹೊರಳದೆ, ಹೇಳಿದಾಗಲೆಲ್ಲ ನಗು ಬಂದು ನಿಲ್ಲುತ್ತಿತ್ತು.

"ನಿನ್ನ ಮಾತಲ್ಲೇ ಹೇಳು ತಂಗೀ," ಅಂದಳು ಅವ್ವ. "ಮಾತು ಯಾವ್ದಾದ್ರೂ ಅಡ್ಡಿಲ್ಲ. ಸಿಟ್ಟಲ್ಲಿ ಹೇಳ್ಬೇಡ, ಅಷ್ಟೇಯ. ಸಿಟ್ಟು ಬಂದ ದಿನ ಕೊಟ್ಟಿಗೆಗೆ ಹೋಗ್ಲೇಬೇಡ."

"ಸಿಟ್ಟು ದಿನಾ ಬಂದ್ರೆ?"

"ಹಂಗಾರೆ ದಿನಾ ನಿನ್ನ ಗಂಡನ್ನ ಕಳ್ಸು," ಅಂದಳು ಅವ್ವ. ಮೂವರೂ ನಕ್ಕೆವು.

ಮರುದಿನ ನಾನು ಬರುವಾಗ ಅವ್ವ ತಾನೂ ಹೊರಟಳು. ಇನ್ನೂ ಎರಡು ದಿನ ಇರುವ ಮಾತಾಗಿತ್ತು. ಯಾಕೆಂದು ಕೇಳಿದೆ. ಬೆಳಿಗ್ಗೆ ತಾನು ಬಾವಿಕಟ್ಟೆಯಲ್ಲಿದ್ದಾಗ ಮರಿ ತನ್ನನ್ನು ದಾಟಿಕೊಂಡು ಆ ಹೆಂಗಸಿನ ಹಿಂದೆ ಹೋಯಿತೆಂದಳು. ಮರಿಯನ್ನು ಬೀಳ್ಕೊಡಲು ಕೊಟ್ಟಿಗೆಗೆ ಹೋಗಲಿಲ್ಲ. ಆ ಹೆಂಗಸಿನ ಕೈ ಹಿಡಿದು, "ಮಳೆಗಾಲದಲ್ಲಿ ಗೊರಸು ಒಣಗಿರೂ ಹಂಗೆ ನೋಡ್ಕೋ," ಅಂದಳು.

ಗುಡ್ಡ ಇಳಿಯುವಾಗ ಅವಳ ಮೊಣಕಾಲು ನೋಯುತ್ತಿತ್ತು. ನನ್ನ ಭುಜ ಹಿಡಿದುಕೊಂಡು ನಿಧಾನ ಇಳಿದಳು. ಯಲ್ಲಾಪುರದಿಂದ ಅಂಕೋಲೆಗೆ ಹೋಗುವ ಬಸ್ಸು ತಡವಾಗಿತ್ತು. ರಸ್ತೆ ಬದಿಯ ಅಂಗಡಿಯಲ್ಲಿ ಚಾ ಕುಡಿದೆವು. ಬಸ್ಸಿನಲ್ಲಿ ಕಿಟಕಿಯ ಬದಿ ಸೀಟು ಸಿಕ್ಕಿತು ಅವಳಿಗೆ. ಹೊಳೆ ಕಾಣುವಷ್ಟು ದೂರ ಅದನ್ನೇ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, ಸಂಜೆಗೆ ಮನೆಯಲ್ಲಿ ತರಕಾರಿ ಏನಿದೆ ಎಂದು ಕೇಳಿದಳು. ಬಸಳೆ ಇದೆ ಎಂದೆ. ಸರಿ ಎಂಬಂತೆ ತಲೆಯಾಡಿಸಿ, ಕಣ್ಣು ಮುಚ್ಚಿದಳು.